ಅಬಿಂಗ್ಡನ್‌ನ ಆ ಹಿರಿಯರಿಗೆ

ನನ್ನ 1965ರ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಮಾಜ್ದಾ ಎಂಎಕ್ಸ್-5 ಕಾರಿನ 1.8 ಲೀಟರ್ ಎಂಜಿನ್ ಕೂರಿಸಿ, ಬ್ಯಾಟರಿ ಕನೆಕ್ಷನ್ ಕೊಡಲು ಹೊರಟಿದ್ದೆ. ಎಂಜಿಬಿ ತಯಾರಾದ ಊರು, ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲೇ ನನ್ನ ಮನೆ. ನಾಯಿ ಜೊತೆ ವಾಕಿಂಗ್ ಹೊರಟಿದ್ದ ಹಿರಿಯರೊಬ್ಬರು ಗೇಟಿನ ಹತ್ತಿರ ನಿಂತರು.

"ಒಂದು ನಿಮಿಷ, ಇದು ಪಾಸಿಟಿವ್ ಅರ್ಥ್ ಅಲ್ವಾ?"

ಎದೆ ಝಲ್ ಎಂದಿತು. ಆ ಕಾಲದ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಹಾಗೇ ಕೊಟ್ಟಿದ್ದರೆ ಹೊಸ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ (ಇಸಿಯು) ಸುಟ್ಟೇ ಹೋಗುತ್ತಿತ್ತೇನೋ.

ನಾಯಿಯನ್ನು ಗೇಟಿಗೆ ಕಟ್ಟಿ, ಮಂಡಿಯೂರಿ ಕೂತರು. ಸೀಟಿನ ಹಿಂದೆ ಕೈ ಹಾಕಿ, ಮೈನಸ್ ತುದಿ ಕಾರಿನ ಮೈಗೆ ಸೇರುವಂತೆ ಕೇಬಲ್ ಅದಲುಬದಲು ಮಾಡಿದರು. ತಮ್ಮ ಕರ್ಚೀಫಿನಲ್ಲೇ ಟರ್ಮಿನಲ್ ಒರೆಸಿ, ಪಕ್ಕದಲ್ಲಿ ಸೀಮೆಸುಣ್ಣದಿಂದ ದೊಡ್ಡ ಮೈನಸ್ ಗುರುತು ಬರೆದರು. ಟೀ ಕುಡಿಯಿರಿ ಅಂದರೆ, ನಾಯಿಗೆ ಊಟದ ಹೊತ್ತು ಅಂತ ಹೊರಟೇಬಿಟ್ಟರು.

ಎಂಜಿನ್ ಸ್ಟಾರ್ಟ್ ಆಯ್ತು ಸರ್. ಆ ಗುರುತನ್ನು ಅಳಿಸಿಲ್ಲ. ತುಂಬಾ ಥ್ಯಾಂಕ್ಸ್.