ಗರ್ಭಕೋಶ ತೆಗೆಸಿದ ಮೇಲೆ ಬಯಾಪ್ಸಿ ರಿಪೋರ್ಟ್ ತಗೊಂಡ್ರಾ?

ಮಾನ್ಯ ಸಂಪಾದಕರೇ,

ಹೆಂಗಸರ ವಿಷಯ ಅಂತ ಈ ಪತ್ರ ಪಕ್ಕಕ್ಕೆ ಇಡಬೇಡಿ ದಯವಿಟ್ಟು.

ಅಂಕೋಲಾದಲ್ಲಿರೋ ನಮ್ಮ ಅತ್ತಿಗೆಗೆ ಮುಟ್ಟು ನಿಂತು ನಾಲ್ಕು ವರ್ಷ ಆದ್ಮೇಲೆ ಮತ್ತೆ ರಕ್ತ ಕಾಣೂಕೆ ಶುರುವಾಯ್ತು, "ಈ ವಯಸ್ಸಲ್ಲಿ ಎಂತ ತೋರ್ಸೂದು, ಉಷ್ಣ ಆಗಿರ್ಬೇಕು" ಅಂತ ಎಳನೀರು ಕುಡ್ಕೊಂಡು ಐದಾರು ತಿಂಗಳು ಕಳೆದ್ರು. ಆಮೇಲೆ ಸ್ಕ್ಯಾನಲ್ಲಿ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಸಾದಾ) ಗಡ್ಡೆ ಕಂಡ್ತು, ಒಂದು ಖಾಸಗಿ ಆಸ್ಪತ್ರೆಲಿ ಗರ್ಭಕೋಶ ತೆಗೆದ್ರು, ಹೊಲಿಗೆ ಬಿಚ್ಚಿ ಮನೆಗೆ ಕಳ್ಸಿದ್ರು, ಮುಗೀತು ಅಂದ್ಕೊಂಡ್ವಿ. ತೆಗೆದ ಗರ್ಭಕೋಶ ಬಯಾಪ್ಸಿಗೆ, ಅಂದ್ರೆ ಕ್ಯಾನ್ಸರ್ ಇದ್ಯಾ ಅಂತ ಲ್ಯಾಬಲ್ಲಿ ನೋಡೋ ಪರೀಕ್ಷೆಗೆ, ಹೋಗಿದ್ದೂ ನಮಗೆ ಗೊತ್ತಿಲ್ಲ, ರಿಪೋರ್ಟ್ ಬಂದು ಒಂದೂವರೆ ತಿಂಗಳು ಅಲ್ಲೇ ಕವರಲ್ಲಿ ಬಿದ್ದಿತ್ತು, ಬೇರೆ ಬಿಲ್ ತರೋಕೆ ಹೋದಾಗ ಅಣ್ಣನ ಕೈಗೆ ಕೊಟ್ರು. ಗರ್ಭಕೋಶದ ಒಳಪದರದ ಕ್ಯಾನ್ಸರ್!

ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡ್ರೂ ಮೊದಲು ಒಳಪದರದ ದಪ್ಪ ನೋಡ್ಬೇಕು, 4 ಮಿಲಿಮೀಟರ್‌ಗಿಂತ ಜಾಸ್ತಿ ಇದ್ರೆ ಅಥವಾ ರಕ್ತ ಮತ್ತೆ ಮತ್ತೆ ಕಂಡ್ರೆ ಅಲ್ಲಿಂದ ಚೂರು ತೆಗೆದು ಟೆಸ್ಟ್ ಮಾಡ್ಬೇಕಂತೆ, ಆಪರೇಷನ್‌ಗಿಂತ ಮುಂಚೆ. ಅದು ಆಗಿದ್ರೆ ಮೊದಲೇ ಕ್ಯಾನ್ಸರ್ ಡಾಕ್ಟ್ರ ಹತ್ರ ಹೋಗ್ತಿದ್ವಿ. ಹಾಗಂತ ಎಲ್ಲಾ ತಪ್ಪೂ ಡಾಕ್ಟ್ರದ್ದು ಅಂತ ನಾ ಹೇಳಲ್ಲ, ಗರ್ಭಕೋಶದ ಮಾಂಸಖಂಡದಲ್ಲಿ ಬರೋ ಸಾರ್ಕೋಮಾ ಅನ್ನೋ ಇನ್ನೊಂದು ಬಗೆ ಕ್ಯಾನ್ಸರ್ ಎಷ್ಟೋ ಸಲ ಸ್ಕ್ಯಾನಲ್ಲಿ ಸಾದಾ ಗಡ್ಡೆ ಥರಾನೇ ಕಾಣ್ತದೆ, ಒಳಪದರದ ಟೆಸ್ಟಲ್ಲೂ ತಪ್ಪಿಸ್ಕೊಳ್ತದೆ. ಗಡ್ಡೆ ಅಂತ ಆಪರೇಷನ್ ಮಾಡ್ಸಿಕೊಂಡ ಸುಮಾರು 350 ಹೆಂಗಸರಲ್ಲಿ ಒಬ್ಬರಿಗೆ ಇಂಥದ್ದು ಇರಬಹುದು ಅಂತ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2014ರಲ್ಲಿ ಅಂದಾಜು ಹೇಳಿತ್ತು. ಕೀಹೋಲಲ್ಲಿ, ಅಂದ್ರೆ ಸಣ್ಣ ತೂತು ಹಾಕಿ ಮಾಡೋ ಆಪರೇಷನ್‌ನಲ್ಲಿ, ಗಡ್ಡೆನ ಹೊಟ್ಟೆ ಒಳಗೇ ಮಷಿನ್ ಹಾಕಿ ಚೂರು ಮಾಡಿದ್ರೆ ಆ ಕ್ಯಾನ್ಸರ್ ಹೊಟ್ಟೆ ಒಳಗೆ ಹರಡಬಹುದು ಅಂತ್ಲೇ ಅವತ್ತು ಅವರು ಎಚ್ಚರಿಕೆ ಕೊಟ್ಟಿದ್ದು. ಗಾಯ ಸಣ್ಣದಾಗ್ತದೆ ಅಂತ ಖುಷಿ ಪಡೋ ಮೊದಲು, ಚೂರು ಮಾಡ್ತೀರಾ, ಮಾಡಿದ್ರೆ ಚೂರು ಹರಡದ ಹಾಗೆ ಚೀಲದ ಒಳಗಾ ಅಂತ ಕೇಳಿ, ಕೇಳೋಕೆ ನಾಚ್ಕೆ ಎಂತದ್ದು.

ರಿಪೋರ್ಟ್ ಹಿಡ್ಕೊಂಡು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋದ್ರೆ ಅಲ್ಲಿ "ಸ್ಲೈಡು, ಮೇಣದ ಬ್ಲಾಕ್ ತಂದಿದ್ದೀರಾ?" ಅಂದ್ರು. ಹಂಗಂದ್ರೆ ಎಂತದು ಅಂತ್ಲೇ ನಮಗೆ ಗೊತ್ತಿಲ್ಲ, ತೆಗೆದ ಗರ್ಭಕೋಶದ ಚೂರುಗಳನ್ನ ಮೇಣದಲ್ಲಿ ಕೂರಿಸಿ ಲ್ಯಾಬಲ್ಲಿ ಇಟ್ಟಿರ್ತಾರಂತೆ, ಅದರಿಂದ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹಾಕಿದ್ದೇ ಸ್ಲೈಡಂತೆ, ಎರಡನೇ ಸಲ ನೋಡೋಕೆ ಅದೇ ಬೇಕು. ಮತ್ತೆ ವಾಪಸ್ ಘಟ್ಟ ಇಳಿದು, ಲ್ಯಾಬಿಗೆ ಅಲೆದು, ಮತ್ತೆ ಹತ್ತಿ, ಆಮೇಲೆ ಸಿಟಿ ಸ್ಕ್ಯಾನು, ಆಮೇಲೆ ರೇಡಿಯೇಷನ್. ಕಾರವಾರದಿಂದ ಭಟ್ಕಳದವರೆಗೆ ಯಾರಿಗೆ ಏನಾದ್ರೂ ಹುಬ್ಬಳ್ಳಿ, ಮಣಿಪಾಲ, ಗೋವಾ ಅಂತ ಓಡೋದು ನಮ್ಮ ಹಣೆಬರಹ, ಅದರ ಬಗ್ಗೆ ನೀವೇ ಸಾಕಷ್ಟು ಬರ್ದಿದ್ದೀರಿ.

ಆಸ್ಪತ್ರೆಯವರಲ್ಲಿ ನನ್ನ ಕೇಳಿಕೆ ಇಷ್ಟೇ, ಡಿಸ್ಚಾರ್ಜ್ ಕಾರ್ಡಲ್ಲಿ "ಬಯಾಪ್ಸಿ ರಿಪೋರ್ಟ್ ಇಂಥ ದಿನ ಬರ್ತದೆ" ಅಂತ ಕನ್ನಡದಲ್ಲಿ ಒಂದು ಸಾಲು ಬರೀರಿ, ಯಾರೂ ತಗೊಂಡು ಹೋಗದಿದ್ರೆ ಒಂದು ಫೋನ್ ಮಾಡಿ. ಬಿಲ್ ಬಾಕಿ ಇದ್ರೆ ಫೋನ್ ಬರ್ತದಲ್ಲ.

ಇಂತಿ,
ಓರ್ವ ಓದುಗ, ಕಾರವಾರ