ಸಮುದಾಯ ಭವನ ಸಂಜೆ ಒಂದು ಗಂಟೆ ತೆರೆಯಲಿ

ಮಾನ್ಯ ಸಂಪಾದಕರೇ,

ನಾನು ರವಿಕೆ ಹೊಲಿದು ಜೀವನ ಮಾಡುವವಳು. ವಯಸ್ಸು 47. ಎರಡೂ ಕೈಗೆ ತೊನ್ನು ಬಂದು 10 ವರ್ಷವಾಯಿತು. ಇದು ಅಂಟುರೋಗವಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುತ್ತವೆ, ಅಷ್ಟೇ. ಮುಟ್ಟಿದರೂ ಬರಲ್ಲ, ಜೊತೆಗೆ ಕೂತು ಉಂಡರೂ ಬರಲ್ಲ. ಆದರೂ ನಾನು ಟೇಪು ಹಿಡಿದರೆ ಕೆಲವರು ಹಿಂದೆ ಸರಿಯುತ್ತಾರೆ. "ಬೇಡಿ, ಹಳೇ ರವಿಕೆ ತಂದಿದ್ದೀನಿ, ಅದರ ಅಳತೆಗೇ ಹೊಲೀರಿ" ಎನ್ನುತ್ತಾರೆ. ಬಿರುಬೇಸಿಗೆಯಲ್ಲೂ ಉದ್ದ ತೋಳು ಹಾಕಿಕೊಳ್ಳುತ್ತಿದ್ದೆ. ಮದುವೆ ಮನೆಗಳಲ್ಲಿ ಬಡಿಸಲು ಹೋಗುವುದನ್ನು ಬಿಟ್ಟೇಬಿಟ್ಟಿದ್ದೆ.

ಹೋದ ವರ್ಷ ನಮ್ಮ ಬೀದಿಯ ನಿವೃತ್ತ ಟೀಚರಮ್ಮ ಹೆಂಗಸರಿಗೆ ಕೋಲಾಟ ಹೇಳಿಕೊಡಲು ಶುರು ಮಾಡಿದರು. ಹೂ ಕಟ್ಟುವ ಅಕ್ಕ "ಸುಮ್ನೆ ಬಾರೇ" ಎಂದು ಎಳೆದುಕೊಂಡು ಹೋದರು. ನಾಲ್ಕನೇ ದಿನವೋ ಏನೋ, ತಾಳ ತಪ್ಪಿ ಎದುರಿನವರ ಕೋಲು ನನ್ನ ಬೆರಳ ಗೆಣ್ಣಿಗೆ ಬಿತ್ತು. ಆಕೆ ಅಂಗನವಾಡಿ ಟೀಚರ್. ಎರಡೂ ಕೋಲು ಬಿಸಾಡಿ ನನ್ನ ಕೈ ಹಿಡಿದುಕೊಂಡರು. ಉಫ್ ಉಫ್ ಎಂದು ಊದಿದರು. ಸೆರಗಿನ ತುದಿ ಒದ್ದೆ ಮಾಡಿ ಒತ್ತಿದರು. "ತುಂಬಾ ನೋಯ್ತಾ ಅಕ್ಕ?" ಎಂದು ಕೇಳುತ್ತಲೇ ಇದ್ದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಮನೆಯವರನ್ನು ಬಿಟ್ಟರೆ ಇಷ್ಟು ವರ್ಷದಲ್ಲಿ ಯಾರೂ ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದಿರಲಿಲ್ಲ.

ಈಗ ಗಿಡ್ಡ ತೋಳಿನ ರವಿಕೆ ಹೊಲಿದುಕೊಂಡಿದ್ದೇನೆ.

ಸದ್ಯ ಜಡೆ ಕೋಲಾಟ ಕಲಿಯುತ್ತಿದ್ದೇವೆ. ಖಾಲಿ ಸೈಟಿನ ಮಾವಿನ ಕೊಂಬೆಯಿಂದ ಬಣ್ಣದ ಹಗ್ಗಗಳನ್ನು ಇಳಿಬಿಟ್ಟಿದ್ದೇವೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಕೋಲು. ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ. ಒಬ್ಬರ ಒಳಗಿಂದ ನುಸುಳಿ, ಮುಂದಿನವರ ಹೊರಗಿಂದ ಸುತ್ತಿ ಹೋದರೆ ಮೇಲೆ ಜಡೆ ಬೀಳುತ್ತದೆ. ಬಿಚ್ಚಲು ಅದೇ ಹೆಜ್ಜೆ, ಹಿಂದುಮುಂದಾಗಿ. ಒಬ್ಬರು ತಪ್ಪಿದರೂ ಗಂಟು. ಆಗ ಎಲ್ಲರೂ ನಿಂತು ಎಲ್ಲಿ ತಪ್ಪಿತೆಂದು ಹುಡುಕುತ್ತೇವೆ. ನಮ್ಮ ಮಾತುಕತೆ ಜಾಸ್ತಿ ಆಗುವುದು ಆಗಲೇ. ಮಗಳ ಬಾಣಂತನ, ಚೀಟಿ ದುಡ್ಡು, ಮುಟ್ಟು ನಿಲ್ಲುವಾಗಿನ ಸಂಕಟ. ಮನೆಯಲ್ಲಿ ಹೇಳಲಾಗದ್ದೆಲ್ಲ ಅಲ್ಲಿ ಬರುತ್ತದೆ.

ಕಷ್ಟ ಜಾಗದ್ದು. ಆ ಸೈಟಿನಲ್ಲಿ ದೀಪವಿಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ಆಟ ಪೂರ್ತಿ ನಿಂತಿತು. ಕೂಗಳತೆಯಲ್ಲೇ ಸಮುದಾಯ ಭವನವಿದೆ. ಮದುವೆ, ನಾಮಕರಣ ಬಿಟ್ಟರೆ ಸದಾ ಬೀಗ. ಕೇಳಲು ಹೋದರೆ ಮದುವೆಗೆ ಕೊಡುವಷ್ಟೇ ಬಾಡಿಗೆ ಕಟ್ಟಿ ಎಂದರು. "ಈ ವಯಸ್ಸಲ್ಲಿ ಕುಣಿತ ಯಾಕಮ್ಮ" ಎಂದೂ ಒಬ್ಬರು ಕೇಳಿದರು. ಟೀಚರಮ್ಮನಿಗೆ ಆ ಮಾತು ತುಂಬಾ ನೋವಾಯಿತು. ಅದು ಜನರ ದುಡ್ಡಲ್ಲಿ ಕಟ್ಟಿದ ಭವನ ಅಲ್ವಾ?

ಸಂಬಂಧಪಟ್ಟವರಲ್ಲಿ ನಮ್ಮ ಕೋರಿಕೆ ಇಷ್ಟೇ. ಕಾರ್ಯಕ್ರಮವಿಲ್ಲದ ದಿನ ಸಂಜೆ 5ರಿಂದ 6ರವರೆಗೆ ಬಾಗಿಲು ತೆಗೆಯಿರಿ. ನಮ್ಮೂರಲ್ಲಿ ಮಾತ್ರವಲ್ಲ, ಹೆಂಗಸರು ಕೇಳಿದ ಕಡೆಯಲ್ಲೆಲ್ಲ. ಕರೆಂಟಿನ ಖರ್ಚು ನಾವು 12 ಜನ ಹಂಚಿಕೊಳ್ಳುತ್ತೇವೆ. ದಿನವೂ ಗುಡಿಸಿ, ದೀಪ ಆರಿಸಿ, ಬೀಗದ ಕೈ ತಂದು ಒಪ್ಪಿಸುವ ಜವಾಬ್ದಾರಿ ನನ್ನದು.

– ಓದುಗರೊಬ್ಬರು, ಹಾಸನ ಜಿಲ್ಲೆ