ಮಳೆಗಾಲದಲ್ಲಿ ಮೇಲಿನ ಹಾದಿಗಳು ಬಂದ್: ನಮ್ಮ ಸವಾರರಿಗೆ ಪತ್ರ

ಆತ್ಮೀಯರೇ, ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಈ ವರ್ಷದಿಂದ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ದೊಡ್ಡಹಳ್ಳದ ಇಳಿಜಾರು, ಏಲಕ್ಕಿ ತಿರುವು, ಹಳೇ ಗಾಡಿದಾರಿ, ಮೂಡಿಗೆರೆ ತಾಲ್ಲೂಕಿನ ನಮ್ಮ ಗುಡ್ಡದಲ್ಲಿ ಮೌಂಟನ್ ಬೈಕ್ ಓಡಿಸುವ ಈ ಮೂರೂ ಟ್ರೈಲ್‌ಗಳು, ಅಂದರೆ ಮಣ್ಣಿನ ಹಾದಿಗಳು, ಮುಚ್ಚಿರುತ್ತವೆ. ಅಕ್ಟೋಬರ್‌ನಿಂದ ದಿನದ ಶುಲ್ಕ ಸೈಕಲ್, ಹೆಲ್ಮೆಟ್ ಸೇರಿ 900 ರೂಪಾಯಿಯ ಬದಲು 1,150 ರೂಪಾಯಿ ಆಗುತ್ತದೆ. ಎರಡೂ ಕಹಿ ಸುದ್ದಿಯೇ. ಒಂದನ್ನು ಈಗ ಹೇಳಿ, ಇನ್ನೊಂದನ್ನು ನೀವು ದಸರಾ ರಜೆಗೆ ಬಂದಿಳಿದ ಮೇಲೆ ಹೇಳುವುದು ನಮ್ಮಿಂದಾಗದು. ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇವೆ.

ಅದಕ್ಕೂ ಮೊದಲು ಒಂದು ಕ್ಷಮೆ ಕೇಳಬೇಕಿದೆ. ಕಳೆದ ಜುಲೈನ ಎರಡನೇ ಶನಿವಾರ ಬೆಂಗಳೂರಿನಿಂದ ರಾತ್ರಿಯಿಡೀ ಗಾಡಿ ಓಡಿಸಿಕೊಂಡು ಬಂದವರನ್ನು ಬೆಳಿಗ್ಗೆ ಏಳಕ್ಕೆ ನಮ್ಮ ಸೈಕಲ್ ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸಿ 'ಇವತ್ತು ಮೇಲಕ್ಕೆ ಬಿಡೋದಿಲ್ಲ' ಎಂದೆವು. ಶುಲ್ಕ ವಾಪಸು ಕೊಟ್ಟೆವು, ನಿಜ. ನೀವು ಹೋಂಸ್ಟೇಗೆ ಕಟ್ಟಿದ ಹಣ, ಪೆಟ್ರೋಲು, ಹಾಳಾದ ರಜೆ ಇವನ್ನೆಲ್ಲ ವಾಪಸು ಕೊಡಲು ನಮ್ಮಿಂದಾಗಲಿಲ್ಲ. ಹಿಂದಿನ ದಿನ ಸಂಜೆಯೇ ನಾವು ಫೋನ್ ಮಾಡಬೇಕಿತ್ತು. ರಾತ್ರಿ ಮಳೆ ಬಿಡಬಹುದೆಂದು ಕಾದೆವು. ಅದು ನಮ್ಮ ತಪ್ಪು. ದಿನದಿನದ ಮಳೆ ನೋಡಿ ತೀರ್ಮಾನಿಸುವುದನ್ನು ಬಿಟ್ಟು ತಾರೀಕನ್ನೇ ಗೊತ್ತುಮಾಡಿರುವುದಕ್ಕೆ ಆ ಬೆಳಗಿನ ನಿಮ್ಮ ಮುಖಗಳೂ ಒಂದು ಕಾರಣ.

ಈಗ, ವರ್ಷದುದ್ದಕ್ಕೂ ನಾವು ಕೇಳಿದ ಮಾತು. ಫೋನಿನಲ್ಲಿ, ಶೆಡ್ಡಿನ ಮುಂದೆ, ಊಟದ ಮನೆಯಲ್ಲಿ ಎಲ್ಲ ಕಡೆ ಅದೇ. 'ಮಳೆಯಲ್ಲಿ ಓಡಿಸದಿದ್ದರೆ ಅದೆಂಥ ಮೌಂಟನ್ ಬೈಕು? ಜೀಪು ಓಡಾಡುತ್ತೆ, ದನ ಓಡಾಡುತ್ತೆ, ನಮ್ಮ ಎರಡು ಚಕ್ರಕ್ಕೇ ಗುಡ್ಡ ಕರಗಿಹೋಗುತ್ತಾ?'

ಜೀಪ್ ರೋಡಿಗೆ ಕಲ್ಲು ಹಾಸಿದೆ, ಮೇಲ್ಬದಿಯಲ್ಲಿ ಚರಂಡಿ ತೆಗೆದಿದೆ. ನೀವು ಓಡಿಸುವ ಹಾದಿ ಬರೀ ಮಣ್ಣು, ಎರಡಡಿ ಅಗಲ. ಮಣ್ಣು ಹದವಾಗಿದ್ದಾಗ ಚಕ್ರ ಅದನ್ನು ಅಮುಕಿ ಗಟ್ಟಿ ಮಾಡುತ್ತದೆ. ಮೂರು ದಿನ ಮಳೆ ಹಿಡಿದ ಮೇಲೆ ಅದೇ ಚಕ್ರ ಒಳಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಹಿಡಿದರೆ ಚಕ್ರ ನಿಂತು ಜಾರುತ್ತದೆ, ಜಾರಿದಷ್ಟು ಉದ್ದಕ್ಕೂ ಒಂದು ಗೀರು ಬೀಳುತ್ತದೆ. ದನದ ಗೊರಸು ಗುಂಡಿ ಮಾಡುತ್ತದೆ, ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಚಕ್ರ ಎಳೆದ ಗೀರಿನಲ್ಲಿ ನೀರು ನಿಲ್ಲುವುದಿಲ್ಲ, ಓಡುತ್ತದೆ. ಓಡುವ ನೀರು ಮಣ್ಣನ್ನೂ ಕರೆದುಕೊಂಡು ಹೋಗುತ್ತದೆ.

ಏಲಕ್ಕಿ ತಿರುವಿನ ನಂತರ ಬರುವ ಉಬ್ಬುಗಳು ನಿಮಗೆಲ್ಲ ಇಷ್ಟ. ಅವನ್ನು ಮಾಡಿದ್ದು ಸೈಕಲ್ ಹಾರಿಸಲೆಂದಲ್ಲ, ನೀರನ್ನು ತಿರುಗಿಸಿ ಕೆಳಬದಿಗೆ ಬಿಡಲೆಂದು. ಗುಡ್ಡದಲ್ಲಿ ಟ್ರೈಲ್ ಕಡಿಯುವವರು ಸಾಮಾನ್ಯವಾಗಿ ಪಾಲಿಸುವ ಲೆಕ್ಕವೊಂದಿದೆ: ಹಾದಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು, ಒಟ್ಟಾರೆ ಸರಾಸರಿ ಶೇ 10ರ ಆಸುಪಾಸಿನಲ್ಲಿರಬೇಕು, ಹಾದಿ ಕೊಂಚ ಹೊರಕ್ಕೆ ವಾಲಿರಬೇಕು, ಅಲ್ಲಲ್ಲಿ ಒಂದು ಸಣ್ಣ ಏರು ಬರಬೇಕು. ಎರಡು ಬೇಸಿಗೆ ಪೂರ್ತಿ ಹಾರೆ, ಪಿಕಾಸಿ, ಗುದ್ದಲಿ ಹಿಡಿದು ಹಾಗೆಯೇ ಮಾಡಿದ್ದೇವೆ. ಯಂತ್ರ ತಂದಿಲ್ಲ, ಒಂದು ಮರ ಕಡಿದಿಲ್ಲ. ಆ ಕೆಲಸದ ಬಗ್ಗೆ ನಮಗೆ ಹೆಮ್ಮೆಯಿದೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಆದರೆ ಉಬ್ಬಿನ ನಡುವೆ ನಾಲ್ಕು ಬೆರಳು ಆಳದ ಗೀರು ಬಿದ್ದರೆ ಸಾಕು, ನೀರು ತಿರುಗುವುದನ್ನು ಬಿಟ್ಟು ನೇರ ಕೆಳಗಿನ ಉಬ್ಬಿಗೆ ನುಗ್ಗುತ್ತದೆ. ಅಲ್ಲಿಂದ ಅದರ ಕೆಳಗಿನದಕ್ಕೆ. ಕಳೆದ ಆಗಸ್ಟ್‌ನಲ್ಲಿ ಹೀಗೆ ಒಂದೇ ವಾರದಲ್ಲಿ ಐದು ಉಬ್ಬು ಹೋದವು. ಹಳೇ ಗಾಡಿದಾರಿಯ ಪಾಡು ಇನ್ನೂ ಕಷ್ಟ. ಅದನ್ನು ಹಿರಿಯರು ಎತ್ತಿನ ಗಾಡಿಗೆಂದು ಗುಡ್ಡಕ್ಕೆ ನೇರವಾಗಿ ಕಡಿದದ್ದು, ನೀರಿಗೆ ಅದೇ ಹತ್ತಿರದ ದಾರಿ.

ಹೋದ ಮಣ್ಣು ಕೆಳಗಿನ ಹಳ್ಳಕ್ಕೆ ಬೀಳುತ್ತದೆ. ನಮ್ಮ ಹಳ್ಳ ಹೇಮಾವತಿಗೆ, ಹೇಮಾವತಿ ಕೃಷ್ಣರಾಜಸಾಗರದಲ್ಲಿ ಕಾವೇರಿಗೆ. ಬೆಂಗಳೂರಿನ ನಿಮ್ಮ ಮನೆಯ ನಲ್ಲಿಗೆ ಬರುವುದೂ ಕಾವೇರಿಯೇ.

2019ರ ಆಗಸ್ಟ್‌ನಲ್ಲಿ ಇದೇ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದು ಮನೆ ತೋಟಗಳು ಹೋದವು. ಚಾರ್ಮಾಡಿ ಘಾಟಿ ಅಲ್ಲಲ್ಲಿ ಕುಸಿದು ಸಂಚಾರವೇ ನಿಂತುಹೋಯಿತು. ಸೈಕಲ್ ಚಕ್ರದಿಂದ ಗುಡ್ಡ ಜರಿಯುತ್ತದೆ ಎಂದು ನಾವು ಹೇಳುತ್ತಿಲ್ಲ, ಹಾಗೆ ಹೇಳಿದರೆ ಸುಳ್ಳಾದೀತು. ಆದರೆ ಆ ಮಳೆಯನ್ನು ಕಣ್ಣಾರೆ ಕಂಡವರು ನಾವು. ಇಳಿಜಾರಿನಲ್ಲಿ ನಿನ್ನೆ ಇಲ್ಲದ ಕಡೆ ಇವತ್ತು ನೀರು ಓಡುತ್ತಿದ್ದರೆ ನಮಗೆ ನಿದ್ದೆ ಬರುವುದಿಲ್ಲ.

ಇನ್ನೊಂದು ಕಾರಣವನ್ನು ಇಷ್ಟು ದಿನ ಹೊರಗೆ ಹೇಳಿರಲಿಲ್ಲ. ಹಾದಿ ಹಾಯುವುದು ಆರು ಕಾಫಿ ತೋಟಗಳ ಮೂಲಕ, ಅವರು ಒಪ್ಪಿದ್ದರಿಂದ ಮಾತ್ರ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಅದರಲ್ಲೊಂದು ತೋಟದ ಕಾಳುಮೆಣಸಿಗೆ ಶೀಘ್ರ ಸೊರಗು ರೋಗ ಬಿತ್ತು. ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇವೆ: ಇದರ ರೋಗಾಣು ಇರುವುದು ಮಣ್ಣಿನಲ್ಲಿ. ಹರಿಯುವ ನೀರಿನ ಜೊತೆ, ಕಾಲಿಗೆ, ಗುದ್ದಲಿಗೆ ಮೆತ್ತಿದ ಕೆಸರಿನ ಜೊತೆ ಸಾಗುತ್ತದೆ. ಬುಡ ಕೊಳೆತರೆ ಎರಡು ಮೂರು ವಾರದಲ್ಲಿ ಬಳ್ಳಿ ಒಣಗಿ ನಿಲ್ಲುತ್ತದೆ. ಹೊಸ ಬಳ್ಳಿ ಮರಕ್ಕೆ ಹಬ್ಬಿ ಪೂರ್ತಿ ಫಸಲು ಕೊಡಲು ಏಳೆಂಟು ವರ್ಷ ಬೇಕು. ಅದು ನಮ್ಮ ಟಯರಿಗೆ ಮೆತ್ತಿದ ಕೆಸರಿನಿಂದಲೇ ಬಂತೆಂದು ಯಾರೂ ಸಾಬೀತು ಮಾಡಿಲ್ಲ. ಬರಲಿಲ್ಲವೆಂದು ಎದೆ ಮುಟ್ಟಿ ಹೇಳಲು ನಮಗೂ ಆಗುವುದಿಲ್ಲ. ಆ ತೋಟದ ಹಿರಿಯರು ಜಗಳವಾಡಲಿಲ್ಲ. ನಮ್ಮನ್ನು ಕೂರಿಸಿ ಕಾಫಿ ಕೊಟ್ಟು, 'ಮಳೆಗಾಲ ಒಂದು ಬಿಟ್ಟುಕೊಡ್ರಪ್ಪಾ, ಉಳಿದ ಎಂಟು ತಿಂಗಳು ನಿಮ್ಮದೇ' ಎಂದರು. ಅವರ ಮಾತಿಗೆ ನಾವು ಇಲ್ಲ ಎನ್ನಲಿಲ್ಲ, ನೀವಾಗಿದ್ದರೂ ಅನ್ನುತ್ತಿರಲಿಲ್ಲ.

ಇನ್ನು ದುಡ್ಡಿನ ವಿಷಯ. ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿಯಿತು, ನೀವು ಮಾತ್ರ ಏಕೆ ಏರಿಸುತ್ತೀರಿ ಎಂದು ಹಲವರು ಕೇಳಬಹುದು. ನಮ್ಮ ಸೈಕಲ್‌ಗಳೆಲ್ಲ ಅದಕ್ಕೂ ಮುಂಚೆ ಹಳೆಯ ತೆರಿಗೆಯಲ್ಲಿ ಕೊಂಡವು. ಬಿಡಿಭಾಗದಲ್ಲಿ ಒಂದಿಷ್ಟು ಉಳಿದಿದೆ, ಇಲ್ಲವೆನ್ನುವುದಿಲ್ಲ. ಆದರೆ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬರುವ ಬ್ರೇಕ್ ಪ್ಯಾಡ್ ಮಳೆಯ ಕೆಸರಿನಲ್ಲಿ ಒಂದು ವಾರಾಂತ್ಯಕ್ಕೆ ಸವೆದು ಲೋಹ ಕಾಣಿಸುತ್ತದೆ. ಬೇರಿಂಗ್‌ಗೆ ನೀರು ಹೋಗುತ್ತದೆ, ಫೋರ್ಕಿನ ಸೀಲ್ ಹೋಗುತ್ತದೆ, ಚೈನಿನಲ್ಲಿ ಮರಳು ಅರೆಯುತ್ತದೆ. ಹಿಂದಿನ ಮಳೆಗಾಲದ ರಿಪೇರಿ ಬಿಲ್ ಆ ನಾಲ್ಕು ತಿಂಗಳಲ್ಲಿ ಬಂದ ಶುಲ್ಕಕ್ಕಿಂತ ಜಾಸ್ತಿಯಿತ್ತು.

'ಕಾಫಿಗೆ ಇಷ್ಟು ರೇಟ್ ಬಂದಿದೆ, ನಿಮಗಿನ್ನೇನು ಕಮ್ಮಿ' ಎಂಬ ಮಾತು ಮನಸ್ಸಿಗೆ ನೋವು ಕೊಟ್ಟಿತು. ಕಾಫಿ ಬೆಲೆ ತೋಟದವರದು, ಶೆಡ್ಡಿನದಲ್ಲ. ಬೆಲೆ ಏರಿದ್ದರಿಂದ ನಮಗಾದದ್ದು ತೊಂದರೆಯೇ. ಮಳೆ ನಿಂತು ಹಾದಿ ಸರಿಮಾಡಬೇಕಾದ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾಗುತ್ತದೆ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ತೋಟದ ಕೆಲಸಕ್ಕೇ ಜನ ಸಾಲದು. ನಮ್ಮ ನಾಲ್ವರು ಹಾದಿ ಕೆಲಸದವರನ್ನು ಮಳೆಗಾಲದಲ್ಲಿ ಮನೆಗೆ ಕಳಿಸಿದರೆ ಅಕ್ಟೋಬರ್‌ನಲ್ಲಿ ಅವರು ಮರಳಿ ಸಿಗುವುದಿಲ್ಲ. ಸಿಗುವ ಪ್ರಶ್ನೆ ಬಿಡಿ, ವರ್ಷಗಟ್ಟಲೆ ಜೊತೆಗಿದ್ದವರನ್ನು ನಾಲ್ಕು ತಿಂಗಳು ಕೂಲಿಯಿಲ್ಲದೆ ಕೂರಿಸುವುದು ಸರಿಯೂ ಅಲ್ಲ. ಏರಿಸಿದ 250 ರೂಪಾಯಿಯಲ್ಲಿ 150 ಅವರ ಮಳೆಗಾಲದ ಕೂಲಿಗೆ, 70 ಆರೂ ತೋಟಗಳಿಗೆ, 30 ಬಿಡಿಭಾಗಕ್ಕೆ. ಲೆಕ್ಕದ ಪುಸ್ತಕ ಶೆಡ್ಡಿನ ಮೇಜಿನ ಮೇಲೆಯೇ ಇರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು.

ಬಲ್ಲಾಳರಾಯನ ದುರ್ಗದ ಕಡೆಯ ಹುಲ್ಲುಗಾವಲಿಗೆ ಸೈಕಲ್ ಕರೆದೊಯ್ಯಿರಿ ಎಂದು ಕೇಳುವವರಿಗೆ ಉತ್ತರ ಮೊದಲಿನದೇ: ಇಲ್ಲ. ಅದು ಅರಣ್ಯ ಇಲಾಖೆಯ ಜಾಗ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಾತ್ರೆಯಾದ ಮೇಲೆ ನಡೆದು ಹೋಗುವವರಿಗೇ ಆನ್‌ಲೈನ್ ಬುಕಿಂಗ್, ಮಿತಿ ಎಲ್ಲ ಬಂದಿದೆ. ಕದ್ದು ಹೋಗುವ ಸವಾರಿಗೆ ನಮ್ಮ ಸೈಕಲ್ ಕೊಡುವುದಿಲ್ಲ.

ವಾರ್ಷಿಕ ಪಾಸ್ ಇರುವವರು ಗಾಬರಿಯಾಗಬೇಡಿ. ನಿಮ್ಮ ಪಾಸ್ ತಾನಾಗಿಯೇ ನಾಲ್ಕು ತಿಂಗಳು ಮುಂದಕ್ಕೆ ಹೋಗುತ್ತದೆ, ಹಳೆಯ ದರದಲ್ಲೇ. ಜೂನ್ ನಂತರದ ದಿನಗಳಿಗೆ ಅಡ್ವಾನ್ಸ್ ಕಟ್ಟಿದ್ದರೆ ಪೂರ್ತಿ ವಾಪಸು, ಇಲ್ಲವೇ ಚಳಿಗಾಲದ ಯಾವ ವಾರಕ್ಕಾದರೂ ಬದಲಿಸಿಕೊಳ್ಳಿ. ಮಳೆ ನೋಡಲೇಬೇಕೆಂದು ಬರುವವರಿಗೆ ಬಂಗಲೆಯ ಕೆಳಗಿನ ಜೀಪ್ ರೋಡಿನ ಸುತ್ತು ತೆರೆದಿರುತ್ತದೆ, ಅದಕ್ಕೆ ಅರ್ಧ ಶುಲ್ಕ. ಇಂಬಳ, ಅಂದರೆ ನೆಲದ ಜಿಗಣೆ, ಕಚ್ಚುತ್ತವೆ, ಅವನ್ನು ಬಿಡಿಸಲು ಉಪ್ಪಿನ ಗಂಟು ನಾವೇ ಕೊಡುತ್ತೇವೆ. ಹಲಸು ಹಣ್ಣಾಗುವ ಕಾಲ, ಆನೆ ತೋಟಕ್ಕೆ ಇಳಿಯುತ್ತದೆ. ಮೇಸ್ತ್ರಿ ಬೆಳಿಗ್ಗೆ ಸುತ್ತು ಹಾಕಿ ಬಂದು ಹೇಳಿದ ಮೇಲೆಯೇ ಹೊರಡಬೇಕು. ಅವರು ಬೇಡವೆಂದರೆ ಬೇಡ, ಆ ದಿನದ ಹಣ ವಾಪಸು.

ಸ್ವಂತ ಸೈಕಲ್ ತರುವವರಲ್ಲಿ ಒಂದು ಕೋರಿಕೆ. ಅಕ್ಟೋಬರ್‌ನಿಂದ ಶೆಡ್ಡಿನ ಪಕ್ಕ ತೊಳೆಯುವ ಕಟ್ಟೆ ಇರುತ್ತದೆ. ಬೇರೆ ಊರಿನ, ಬೇರೆ ತೋಟದ ಮಣ್ಣು ಟಯರಿನಲ್ಲಿದ್ದರೆ ಅಲ್ಲೇ ತೊಳೆದು ಮೇಲಕ್ಕೆ ಹತ್ತಿ. ಬ್ರಷ್, ನೀರು, ಬಟ್ಟೆ ನಮ್ಮದು.

ಅಕ್ಟೋಬರ್ 1ಕ್ಕೆ ಮೂರೂ ಹಾದಿ ಒಟ್ಟಿಗೆ ತೆರೆಯುತ್ತವೆ ಎಂದು ಮಾತು ಕೊಡಲಾರೆವು. ಏಲಕ್ಕಿ ತಿರುವಿಗೆ ಬಿಸಿಲು ತಡವಾಗಿ ಬೀಳುತ್ತದೆ. ಮೊದಲು ದೊಡ್ಡಹಳ್ಳದ ಇಳಿಜಾರು ತೆರೆಯುತ್ತೇವೆ, ಯಾವ ದಿನ ಎಂದು ಪಾಸ್ ಇರುವ ಪ್ರತಿಯೊಬ್ಬರಿಗೂ ನಾವೇ ಫೋನ್ ಮಾಡಿ ಹೇಳುತ್ತೇವೆ. ಈ ಸಲ ಹಿಂದಿನ ದಿನ ಸಂಜೆಯೇ.

ಇತಿ ನಿಮ್ಮವರು,
ಶೆಡ್ಡಿನ ಎಲ್ಲರೂ